ನಿಂತುಹೋದ ಮೂರು ಕಂತು

ಸರ್ಕಾರಿ ನೌಕರರ ಮನೆಗಳಲ್ಲಿ ದೇವರ ನಾಮವನ್ನು ಬಿಟ್ಟರೆ ಅತ್ಯಂತ ಹೆಚ್ಚಾಗಿ ಸ್ಮರಣೆಗೆ ಬರುವುದು ಡಿ.ಎ. ಎಂಬ ಎರಡಕ್ಷರ. ಇದು ಬರಿಯ ತಮಾಷೆಯ ಮಾತಲ್ಲ. ಮಗಳ ಟ್ಯೂಷನ್ನು, ಊರಲ್ಲಿರುವ ತಾಯಿಯ ಔಷಧಿ, ದೀಪಾವಳಿಯ ಬಟ್ಟೆ, ಎಲ್ಲವೂ 'ಡಿ.ಎ. ಬಂದಮೇಲೆ ನೋಡೋಣ' ಎಂಬ ಒಂದು ಮಾತಿಗೆ ತಗಲಿಹಾಕಿಕೊಂಡು ನಿಂತಿರುತ್ತವೆ. ರಾಮಕೃಷ್ಣಪುರದಲ್ಲಾಗಲಿ, ಕರೋಲ್‌ಬಾಗಿನಲ್ಲಾಗಲಿ, ಯಮುನೆಯಾಚೆಯ ಮಯೂರ ವಿಹಾರದಲ್ಲಾಗಲಿ ನಮ್ಮವರ ಮನೆಗೆ ಹೋಗಿ ಕುಳಿತು ಕಾಫಿಯ ಎರಡು ಗುಟುಕು ಒಳಗೆ ಇಳಿಯುವಷ್ಟರಲ್ಲಿ ಈ ವಿಷಯ ಬಂದೇ ಬರುತ್ತದೆ. ಆದುದರಿಂದ 2020ರಲ್ಲಿ ನಿಂತುಹೋದ ಮೂರು ಕಂತುಗಳ ಕಥೆಯನ್ನು ಒಮ್ಮೆ ಲೆಕ್ಕಸಮೇತವಾಗಿ ಬರೆದಿಡುವುದು ಒಳ್ಳೆಯದೆಂದು ತೋರಿತು. ಈ ಕಥೆ ಹಳೆಯದಾಯಿತೆಂದು ಕೆಲವರು ಹೇಳಬಹುದು. ಕೈಗೆ ಬಾರದ ಹಣ ಅಷ್ಟು ಬೇಗ ಹಳೆಯದಾಗುವುದಿಲ್ಲ.

ತುಟ್ಟಿಭತ್ಯ ಎಂಬುದು ಬಹುಮಾನವಲ್ಲ, ಬಡ್ತಿಯೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಧಾನ್ಯದ ಬೆಲೆ ಏರಿದಾಗ ಸಣ್ಣ ನೌಕರರು ಅರೆಹೊಟ್ಟೆಯಲ್ಲಿರಬಾರದೆಂದು ಪ್ರಾರಂಭವಾದ ಭತ್ಯವಿದು. ಈಗ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕವನ್ನು ಹಿಡಿದು, ಹನ್ನೆರಡು ತಿಂಗಳ ಸರಾಸರಿ ತೆಗೆದು, ಜನವರಿ ಒಂದಕ್ಕೂ ಜುಲೈ ಒಂದಕ್ಕೂ ಶೇಕಡಾವಾರು ನಿಗದಿಮಾಡುತ್ತಾರೆ. ಆ ಸೂಚ್ಯಂಕಕ್ಕಾಗಿ ಅಂಗಡಿ ಅಂಗಡಿಯಲ್ಲಿ ಬೆಲೆ ವಿಚಾರಿಸುವ ಕೇಂದ್ರಗಳಲ್ಲಿ ದಿಲ್ಲಿಯೂ ಉಂಟು, ನಮ್ಮ ಬೆಂಗಳೂರು, ಬೆಳಗಾವಿ, ಮಡಿಕೇರಿಗಳೂ ಉಂಟು. ಅಂದರೆ ಬೆಲೆ ಮೊದಲು ಏರುತ್ತದೆ, ನಾವು ಮೊದಲು ಕೊಡುತ್ತೇವೆ, ಆರು ತಿಂಗಳೋ ವರ್ಷವೋ ಕಳೆದ ಮೇಲೆ ಅದರ ಒಂದು ಭಾಗ ನಮಗೆ ಹಿಂದಿರುಗುತ್ತದೆ. ಇದನ್ನು ಹೆಚ್ಚಳವೆಂದು ಪತ್ರಿಕೆಗಳು ದಪ್ಪಕ್ಷರದಲ್ಲಿ ಅಚ್ಚುಮಾಡುವುದೂ, ಅದನ್ನು ಓದಿದ ಮನೆಯ ಮಾಲೀಕ ಬಾಡಿಗೆ ಏರಿಸುವುದೂ ಬೇರೆ ಮಾತು.

2020ರ ಮಾರ್ಚ್ 13ರಂದು ಕೇಂದ್ರ ಮಂತ್ರಿಮಂಡಲ ಶೇಕಡ 4ರ ಕಂತಿಗೆ ಒಪ್ಪಿಗೆ ಕೊಟ್ಟಿತು. 17 ಇದ್ದದ್ದು 21 ಆಗಬೇಕು. ಹನ್ನೆರಡು ದಿನ ಕಳೆಯುವುದರೊಳಗೆ ದೇಶವೆಲ್ಲ ಬಾಗಿಲು ಹಾಕಿತು. ಏಪ್ರಿಲ್ 23ರಂದು ಹಣಕಾಸು ಇಲಾಖೆಯ ಆದೇಶ ಹೊರಬಿತ್ತು: 2020ರ ಜನವರಿಯದು, ಜುಲೈಯದು, 2021ರ ಜನವರಿಯದು, ಹೀಗೆ ಮೂರು ಕಂತುಗಳನ್ನು ಕೊಡಲಾಗುವುದಿಲ್ಲ, ಮುಂದೆ ದರ ಸೇರಿಸಿಕೊಂಡರೂ ನಡುವಿನ ಹಿಂಬಾಕಿ ಇಲ್ಲ. ನಿವೃತ್ತರ ತುಟ್ಟಿ ಪರಿಹಾರಕ್ಕೂ ಅದೇ ಗತಿ. ಸುಮಾರು 48 ಲಕ್ಷ ನೌಕರರಿಗೂ 65 ಲಕ್ಷ ಪಿಂಚಣಿದಾರರಿಗೂ ಇದು ತಟ್ಟಿತು. ಕೇಂದ್ರಕ್ಕೆ 37,530 ಕೋಟಿ ರೂಪಾಯಿ ಉಳಿತಾಯವಾಗಬಹುದೆಂದು ಆಗಿನ ಅಂದಾಜು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಇದೇ ದಾರಿ ಹಿಡಿದವು.

ಆ ದಿನಗಳಲ್ಲಿ ಇದಕ್ಕೆ ಎದುರಾಡುವ ಮನಸ್ಸು ಯಾರಿಗೂ ಹೆಚ್ಚಾಗಿ ಇರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಮಾರ್ಚ್ ತಿಂಗಳ ಕೊನೆಯಲ್ಲಿ ಆನಂದ ವಿಹಾರದ ಬಸ್ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು ಹೊತ್ತು ನಿಂತಿದ್ದ ಸಾವಿರಾರು ಜನರ ಚಿತ್ರವನ್ನು ಕಂಡವರು, ತಮ್ಮ ಖಾತೆಗೆ ತಿಂಗಳ ಕೊನೆಗೆ ಸಂಬಳ ಬಂದು ಬೀಳುತ್ತಿರುವಾಗ, ಶೇಕಡ ನಾಲ್ಕಕ್ಕಾಗಿ ಹೇಗೆ ಬಾಯಿ ತೆರೆದಾರು? ಆ ವರ್ಷದ ಏಪ್ರಿಲಿನಿಂದ ಜೂನಿನವರೆಗೆ ದೇಶದ ಉತ್ಪನ್ನ ಶೇಕಡ 23.9ರಷ್ಟು ಕುಸಿಯಿತೆಂದು ಮೊದಲ ಅಂದಾಜು ಹೇಳಿತು. 80 ಕೋಟಿ ಜನರಿಗೆ ಬಿಟ್ಟಿ ಧಾನ್ಯ ಕೊಡಬೇಕಾಗಿತ್ತು. ಸಂಸತ್ಸದಸ್ಯರ ಸಂಬಳದಲ್ಲಿ ಒಂದು ವರ್ಷ ಶೇಕಡ 30 ಕಡಿತವಾಯಿತು. ವರ್ಷಕ್ಕೆ 5 ಕೋಟಿಯ ಅವರ ಕ್ಷೇತ್ರನಿಧಿ ನಿಂತಿತು. ಎಲ್ಲರೂ ಹೆಗಲು ಕೊಡುವಾಗ ನಾವೂ ಕೊಡೋಣವೆಂದೇ ನನ್ನಂಥವರು ಎಣಿಸಿದೆವು.

ಆದರೆ ಹೆಗಲ ಮೇಲೆ ಬಿದ್ದ ಭಾರವೆಷ್ಟೆಂದು ಎಣಿಸುವುದರಲ್ಲಿ ತಪ್ಪೇನೂ ಇಲ್ಲ. ಗುಮಾಸ್ತನ ಕೈಗೆ ಪೆನ್ಸಿಲು ಸಿಕ್ಕಿದರೆ ಲೆಕ್ಕ ಮಾಡದೆ ಬಿಡುವುದೂ ಇಲ್ಲ. 25,500 ರೂಪಾಯಿ ಮೂಲವೇತನದ ಒಬ್ಬ ಯು.ಡಿ.ಸಿ.ಯನ್ನು ತೆಗೆದುಕೊಳ್ಳಿ. ಮೊದಲ ಆರು ತಿಂಗಳು ಅವನಿಗೆ ಶೇಕಡ 4, ಮುಂದಿನ ಆರು ತಿಂಗಳು 7, ಕೊನೆಯ ಆರು ತಿಂಗಳು 11 ತಪ್ಪಿತು. ಕೂಡಿಸಿದರೆ ಒಂದು ತಿಂಗಳ ಮೂಲವೇತನದ ಶೇಕಡ 132. ಅಂದರೆ 33,660 ರೂಪಾಯಿ, ನಡುವೆ ಬಂದ ವಾರ್ಷಿಕ ಬಡ್ತಿಯನ್ನು ಲೆಕ್ಕಕ್ಕೆ ಹಿಡಿಯದೆ. 18,000ದ ಎಂ.ಟಿ.ಎಸ್. ನೌಕರನಿಗೆ 23,760. 12,750 ಪಿಂಚಣಿಯ ವೃದ್ಧರಿಗೆ 16,830.

ಇಷ್ಟಕ್ಕೇ ನಿಂತರೆ ಲೆಕ್ಕ ಅರ್ಧವಾಯಿತು. ತುಟ್ಟಿಭತ್ಯ ಶೇಕಡ 25 ದಾಟಿದ ಕೂಡಲೆ ದಿಲ್ಲಿಯಂಥ ಊರುಗಳಲ್ಲಿ ಮನೆಬಾಡಿಗೆ ಭತ್ಯ 24ರಿಂದ 27ಕ್ಕೆ ಏರಬೇಕೆಂಬುದು ನಿಯಮ. ಕಂತುಗಳು ಹೊತ್ತಿಗೆ ಸರಿಯಾಗಿ ಬಂದಿದ್ದರೆ 2021ರ ಜನವರಿಯಲ್ಲಿಯೇ 28 ಆಗಿ ಆ ಗೆರೆ ದಾಟುತ್ತಿತ್ತು. ದಾಟಿದ್ದು ಜುಲೈನಲ್ಲಿ. ಕ್ವಾರ್ಟರ್ಸ್ ಸಿಕ್ಕದೆ ಬಾಡಿಗೆಗಿದ್ದ ಆ ಯು.ಡಿ.ಸಿ.ಗೆ ಇದರಿಂದ ತಿಂಗಳಿಗೆ 765ರಂತೆ ಇನ್ನೂ 4,590 ಹೋಯಿತು. ಎರಡನ್ನೂ ಸೇರಿಸಿದರೆ 38,250, ಸರಿಯಾಗಿ ಒಂದೂವರೆ ತಿಂಗಳ ಮೂಲವೇತನ. 2004ರ ಈಚೆಗೆ ಕೆಲಸಕ್ಕೆ ಸೇರಿದವರಿಗೆ ಮತ್ತೊಂದು ಏಟು ಕಣ್ಣಿಗೆ ಕಾಣದಂತೆ ಬಿತ್ತು. ಹೊಸ ಪಿಂಚಣಿ ಯೋಜನೆಯಲ್ಲಿ ಸರ್ಕಾರದ ಪಾಲು ಮೂಲವೇತನ ಮತ್ತು ತುಟ್ಟಿಭತ್ಯ ಸೇರಿದ ಮೊತ್ತದ ಮೇಲೆ ಶೇಕಡ 14. ಭತ್ಯವೇ ಇಲ್ಲವೆಂದಮೇಲೆ ಅದರ ಮೇಲಿನ ಪಾಲೂ ಇಲ್ಲ. ನಮ್ಮ ಲೆಕ್ಕದ ಮನುಷ್ಯನಿಗೆ ಇದು 4,700 ರೂಪಾಯಿಗೆ ಮೀರುತ್ತದೆ. ನಿವೃತ್ತಿಯವರೆಗೆ ಬೆಳೆಯಬೇಕಾಗಿದ್ದ ಗಿಡವದು, ನೆಡುವುದಕ್ಕೇ ಆಗಲಿಲ್ಲ.

ಭತ್ಯ ನಿಂತಿತು, ಬೆಲೆ ನಿಂತಿತೇ? ಅದೇ 2020ರ ಮೇ ತಿಂಗಳಲ್ಲಿ ಕೇಂದ್ರವು ಪೆಟ್ರೋಲಿನ ಮೇಲೆ ಲೀಟರಿಗೆ 10 ರೂಪಾಯಿ, ಡೀಸೆಲಿನ ಮೇಲೆ 13 ರೂಪಾಯಿ ಸುಂಕ ಏರಿಸಿತು. 2021ರ ಜುಲೈನಲ್ಲಿ ದಿಲ್ಲಿಯ ಪೆಟ್ರೋಲು ನೂರು ದಾಟಿತು. ಅಡಿಗೆಯ ಅನಿಲದ ಸಿಲಿಂಡರು 2020ರ ಜುಲೈನಲ್ಲಿ ಇಲ್ಲಿ 594 ರೂಪಾಯಿಗೆ ಇದ್ದದ್ದು ಒಂದು ವರ್ಷದಲ್ಲಿ 834.50ಕ್ಕೆ ಬಂತು, ಅದೂ ಸಹಾಯಧನ ಖಾತೆಗೆ ಬರುವುದು ನಿಂತುಹೋದ ಮೇಲೆ. ಅಡಿಗೆ ಎಣ್ಣೆಯ ಮಾತನ್ನು ಗೃಹಿಣಿಯರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಬೆಲೆಯೇರಿಕೆಗೆ ಕೊಡುವ ಪರಿಹಾರವನ್ನು ಒಂದು ಕೈ ನಿಲ್ಲಿಸುವಾಗ ಇನ್ನೊಂದು ಕೈ ಬೆಲೆಯನ್ನು ಏರಿಸುತ್ತಿತ್ತು. ಬೊಕ್ಕಸದ ಕಷ್ಟ ಅರ್ಥವಾಗುತ್ತದೆ. ಒಂದೇ ಮನೆಯ ಮೇಲೆ ಎರಡು ಕಡೆಯಿಂದಲೂ ಅದನ್ನು ಇಳಿಸಿದ್ದು ಮಾತ್ರ ಅರ್ಥವಾಗುವುದಿಲ್ಲ.

ಇನ್ನು ಆ ಅಕ್ಟೋಬರದ ವಿನೋದವನ್ನು ಕೇಳಿ. ವ್ಯಾಪಾರವೆಲ್ಲ ಬಿದ್ದುಹೋಗಿದೆ, ಜನ ಖರ್ಚು ಮಾಡುತ್ತಿಲ್ಲ, ಮಾಡಿದರೆ ತಾನೆ ಕಾರ್ಖಾನೆ ತಿರುಗೀತು ಎಂದು 12ನೆಯ ತಾರೀಖು ಸರ್ಕಾರವೇ ಎರಡು ಯೋಜನೆಗಳನ್ನು ಸಾರಿತು. ಒಂದು, ಹತ್ತು ಸಾವಿರ ರೂಪಾಯಿಯ ಬಡ್ಡಿಯಿಲ್ಲದ ಹಬ್ಬದ ಮುಂಗಡ. ಹತ್ತು ಕಂತಿನಲ್ಲಿ ಸಂಬಳದಿಂದ ಮುರಿದುಕೊಳ್ಳುವುದು. ಇನ್ನೊಂದು, ಊರಿಗೆ ಹೋಗುವ ಎಲ್.ಟಿ.ಸಿ.ಗೆ ಬದಲು ನಗದು. ದಿಲ್ಲಿಯ ಕನ್ನಡಿಗರಿಗೆ ಎಲ್.ಟಿ.ಸಿ. ಎಂದರೆ ಕರ್ನಾಟಕ ಎಕ್ಸ್‌ಪ್ರೆಸ್ಸು, ಎರಡು ರಾತ್ರಿಯ ಪುಳಿಯೋಗರೆ, ಅಜ್ಜಿಮನೆ. ಆ ವರ್ಷ ಹೋಗುವಂತಿರಲಿಲ್ಲ, ಸರಿ. ರೈಲಿನ ಅರ್ಹತೆಯವರಿಗೆ ತಲೆಗೆ 6,000ದಂತೆ ನಾಲ್ವರ ಕುಟುಂಬಕ್ಕೆ 24,000. ಅದು ಸಿಕ್ಕಬೇಕಾದರೆ ಅದರ ಮೂರರಷ್ಟು, ಅಂದರೆ 72,000 ರೂಪಾಯಿಯ ಸಾಮಾನನ್ನು, ಶೇಕಡ 12ಕ್ಕೆ ಕಡಿಮೆಯಿಲ್ಲದ ತೆರಿಗೆಯ ಸಾಮಾನನ್ನೇ, ರಸೀದಿ ಸಮೇತ ಕೊಳ್ಳಬೇಕು, 2021ರ ಮಾರ್ಚ್ 31ರೊಳಗೆ. ಅಕ್ಕಿಬೇಳೆ ನಡೆಯುವುದಿಲ್ಲ. ಅದರಲ್ಲಿ ಸುಮಾರು 7,700 ರೂಪಾಯಿ ತೆರಿಗೆಯಾಗಿ ಸರ್ಕಾರಕ್ಕೇ ಮರಳುತ್ತದೆ. ಫ್ರಿಜ್ಜು ಕೊಳ್ಳುವ ಯೋಚನೆಯಿದ್ದವರಿಗೆ ಇದು ವರವಾಯಿತು. ಸ್ಕೂಲ್ ಫೀಸಿಗೆ ಹೊಂದಿಸುತ್ತಿದ್ದವನು 72,000ವನ್ನು ಎಲ್ಲಿಂದ ತರಬೇಕು?

ಏಪ್ರಿಲಿನಲ್ಲಿ ಕೊಡಬೇಕಾದ್ದನ್ನು ತಡೆದು, ಅಕ್ಟೋಬರಿನಲ್ಲಿ 'ದಯಮಾಡಿ ಖರ್ಚು ಮಾಡಿ' ಎಂದಾಗ, ಮೊದಲನೆಯ ಕೆಲಸದ ಕೊರತೆಯನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತೆಂದು ನನ್ನ ಅಭಿಪ್ರಾಯ. ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಿದವರಿಗೆಲ್ಲ ಗೊತ್ತಿರುವ ಮಾತು: ಒಬ್ಬನ ಖರ್ಚು ಇನ್ನೊಬ್ಬನ ವರಮಾನ. ಗುಮಾಸ್ತನಿಗೆ ಸಾವಿರ ಕೊಟ್ಟರೆ ಅದು ಬ್ಯಾಂಕಿನಲ್ಲಿ ಮಲಗುವುದಿಲ್ಲ. ತರಕಾರಿಯವನಿಗೆ, ದರ್ಜಿಗೆ, ಆಟೋದವನಿಗೆ, ಮನೆಗೆಲಸದಾಕೆಗೆ ಹಂಚಿಹೋಗುತ್ತದೆ. ಮೇಲಿನ ದರ್ಜೆಯವರ ಕಂತು ತಡೆದು, ಕೆಳಗಿನವರದ್ದನ್ನು ಬಿಟ್ಟಿದ್ದರೂ ಉಳಿತಾಯದ ಒಂದು ಭಾಗ ಆಗುತ್ತಿತ್ತು. ಸೆಕ್ರೆಟರಿಗೂ ಪ್ಯೂನನಿಗೂ ಒಂದೇ ಅಳತೆಗೋಲು ಹಿಡಿದರು.

ಹಿಂದೆಯೂ ಇಂಥ ಕಾಲ ಬಂದಿದ್ದುಂಟು. 1922-23ರಲ್ಲಿ ಇಂಚ್‌ಕೇಪ್ ಪ್ರಭುವಿನ ಸಮಿತಿ ಕತ್ತರಿ ಹಿಡಿದು ಕುಳಿತಿತ್ತು. ಜಗತ್ತೆಲ್ಲ ಮುಗ್ಗರಿಸಿದ 1931ರಲ್ಲಿ ಸರ್ಕಾರಿ ಸಂಬಳಗಳಿಗೆ ಶೇಕಡ ಹತ್ತರ ಕಡಿತ ಬಿತ್ತು. 1960ರ ಜುಲೈನಲ್ಲಿಯೂ 1968ರ ಸೆಪ್ಟೆಂಬರ್ 19ರಂದೂ ಕೇಂದ್ರ ನೌಕರರು ಮುಷ್ಕರ ಹೂಡಿದ ಕಾರಣಗಳಲ್ಲಿ ಈ ತುಟ್ಟಿಭತ್ಯವೂ ಒಂದು. ಆದರೆ ನಮಗೆ ಮುಖ್ಯವಾದ ಮೇಲ್ಪಂಕ್ತಿ 1974ರದು. ಆಗ ಹಣದುಬ್ಬರ ಮಿತಿಮೀರಿತ್ತು; ಜನರ ಕೈಯಲ್ಲಿ ಹಣ ಕಡಿಮೆಯಿರಲೆಂದು, ಹೆಚ್ಚಾದ ತುಟ್ಟಿಭತ್ಯದ ಅರ್ಧವನ್ನು ಹಿಡಿದಿಡುವ ಕಾಯಿದೆ ಬಂತು. ಹಿಡಿದಿಟ್ಟರು, ನಿಜ. ಆದರೆ ಅದಕ್ಕೆ ಅವರು ಇಟ್ಟ ಹೆಸರು ಕಡ್ಡಾಯ ಠೇವಣಿ. ಪ್ರತಿಯೊಬ್ಬನ ಹೆಸರಿನಲ್ಲಿ ಲೆಕ್ಕ ಬರೆದು, ಕಂತುಗಳಲ್ಲಿ ಬಡ್ಡಿ ಸಮೇತ ಹಿಂದಿರುಗಿಸಬೇಕೆಂದು ಕಾಯಿದೆಯೇ ಹೇಳಿತು. 2020ರಲ್ಲಿ ಠೇವಣಿಯೂ ಇಲ್ಲ, ಬಡ್ಡಿಯೂ ಇಲ್ಲ. ಕಷ್ಟಕಾಲದಲ್ಲಿ ಕೈಗಡ ಕೇಳುವುದು ಬೇರೆ, ಕೊಡಬೇಕಾದ್ದನ್ನೇ ಅಳಿಸುವುದು ಬೇರೆ. ಹತ್ತು ವರ್ಷದ ಠೇವಣಿಪತ್ರವನ್ನು ಕೊಟ್ಟಿದ್ದರೂ ಆ ದಿನಗಳಲ್ಲಿ ಬೊಕ್ಕಸಕ್ಕೆ ಭಾರವಾಗುತ್ತಿರಲಿಲ್ಲ. ನೌಕರರು ಸಂತೋಷವಾಗಿಯೇ ತೆಗೆದುಕೊಳ್ಳುತ್ತಿದ್ದರು.

2021ರ ಜುಲೈ 14ರಂದು ಮಂತ್ರಿಮಂಡಲ ಕಂತುಗಳನ್ನು ಬಿಡುಗಡೆ ಮಾಡಿ, ಜುಲೈ ಒಂದರಿಂದ 17ನ್ನು 28ಕ್ಕೆ ಏರಿಸಿತು. ಹದಿನೆಂಟು ತಿಂಗಳ ಹಿಂಬಾಕಿಯ ಮಾತು ಸಂಸತ್ತಿನಲ್ಲಿ ಮತ್ತೆ ಮತ್ತೆ ಎದ್ದಿತು. 2023ರ ಮಾರ್ಚ್‌ನಲ್ಲಿ ಲೋಕಸಭೆಗೆ ಕೊಟ್ಟ ಉತ್ತರದಲ್ಲಿ, ಉಳಿದದ್ದು 34,402.32 ಕೋಟಿ, ಅದು ಮಹಾಮಾರಿಯ ಖರ್ಚಿಗೆ ಬಳಕೆಯಾಯಿತು, ವಿತ್ತೀಯ ಕೊರತೆ ಇನ್ನೂ ಹೆಚ್ಚಾಗಿರುವುದರಿಂದ ಹಿಂಬಾಕಿ ಕೊಡುವುದು ಸಾಧ್ಯವೆಂದು ಕಾಣುವುದಿಲ್ಲ ಎಂದು ತಿಳಿಸಲಾಯಿತು. ಪೈಸೆಯವರೆಗೆ ಲೆಕ್ಕವಿರುವ ಸಾಲವನ್ನು ಸಾಲವಲ್ಲವೆನ್ನುವುದು ಗುಮಾಸ್ತನ ಬುದ್ಧಿಗೆ ನಿಲುಕುವುದಿಲ್ಲ.

ಮಿತವ್ಯಯದ ಉಳಿದ ಆದೇಶಗಳಲ್ಲಿ ಕೆಲವು ಒಳ್ಳೆಯವೇ. 2020ರ ಸೆಪ್ಟೆಂಬರಿನಲ್ಲಿ ಇಲಾಖೆಗಳು ಕ್ಯಾಲೆಂಡರು, ಡೈರಿ, ಹಬ್ಬದ ಶುಭಾಶಯಪತ್ರ ಅಚ್ಚುಹಾಕಿಸಬಾರದೆಂದರು. ಸುಂದರ ಡೈರಿಗಳು ಯಾರ ಮನೆಗೆ ಹೋಗುತ್ತಿದ್ದವೆಂಬುದು ನಮಗೆ ತಿಳಿದಿದ್ದರಿಂದ ಯಾರೂ ಕಣ್ಣೀರು ಸುರಿಸಲಿಲ್ಲ. ಆದರೆ ಹೊಸ ಹುದ್ದೆಗಳನ್ನು ಸೃಷ್ಟಿಸಬಾರದೆಂಬುದೂ ಆ ತಿಂಗಳದೇ ಆಜ್ಞೆ. 2021ರ ಮಾರ್ಚ್ ಒಂದರಂದು ಮಂಜೂರಾದ 40.35 ಲಕ್ಷ ಹುದ್ದೆಗಳಲ್ಲಿ 9.79 ಲಕ್ಷ ಖಾಲಿಯಿದ್ದುವೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ನಾಲ್ಕರಲ್ಲಿ ಒಂದು ಕುರ್ಚಿ! ಆ ಕುರ್ಚಿಯ ಫೈಲು ಎಲ್ಲಿಗೆ ಹೋಯಿತು? ಪಕ್ಕದ ಮೇಜಿಗೆ. ಅಲ್ಲಿಯೂ ಹಿಡಿಸದೆ ಗುತ್ತಿಗೆಯ ಹುಡುಗನ ಕಂಪ್ಯೂಟರಿಗೆ. ಏಜೆನ್ಸಿಯ ಮೂಲಕ ಬಂದ ಆ ಹುಡುಗನಿಗೆ ಡಿ.ಎ.ಯೂ ಇಲ್ಲ, ಎಲ್.ಟಿ.ಸಿ.ಯೂ ಇಲ್ಲ, ಮುಂದಿನ ವರ್ಷ ಇರುವೆನೆಂಬ ಭರವಸೆಯೂ ಇಲ್ಲ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಅದೇ ಕುರ್ಚಿಯಲ್ಲಿ ಕುಳಿತಿದ್ದಾರೆ. ಬಿ.ಎ. ಮುಗಿಸಿ ಒಂದು ಪರೀಕ್ಷೆ ಬರೆದು ದಿಲ್ಲಿಯ ರೈಲು ಹತ್ತಿದ ತಂದೆಗಳ ಮಕ್ಕಳು ಅವರು. ಭತ್ಯದ ಹಿಂಬಾಕಿಗಿಂತ ಇದು ದೊಡ್ಡ ಕಡಿತವೆಂದೇ ನಾನು ತಿಳಿಯುತ್ತೇನೆ. ಇದಕ್ಕೆ ಯಾವ ಲೋಕಸಭೆಯಲ್ಲಿಯೂ ಕೋಟಿಯ ಲೆಕ್ಕ ಹೇಳುವವರಿಲ್ಲ.

ಎಂಟನೆಯ ವೇತನ ಆಯೋಗ 2025ರಲ್ಲಿ ನೇಮಕವಾಗಿದೆ. ನೌಕರರ ಸಂಘಗಳು ಹದಿನೆಂಟು ತಿಂಗಳ ಬೇಡಿಕೆಯನ್ನು ಬಿಟ್ಟಿಲ್ಲ. ಆಗುವುದು ಹೋಗುವುದು ಅವರ ಕೈಯಲ್ಲಿದೆ. ನಮ್ಮ ಹಿರಿಯರಿಗೆ ಮಾತ್ರ ಒಂದು ಸಂಗತಿಯನ್ನು ತಿಳಿಸಬೇಕು. 2020ರ ಜನವರಿ 1ರಿಂದ 2021ರ ಜೂನ್ 30ರ ನಡುವೆ ನಿವೃತ್ತರಾದವರ ಗ್ರಾಚ್ಯುಯಿಟಿಯನ್ನೂ ರಜೆಯ ಹಣವನ್ನೂ ಮೊದಲು 17ರ ದರದಲ್ಲಿಯೇ ಲೆಕ್ಕಮಾಡಿದ್ದರು. 2021ರ ಸೆಪ್ಟೆಂಬರಿನಲ್ಲಿ ಬಂದ ಆದೇಶದಂತೆ, ನಿವೃತ್ತಿಯ ದಿನಕ್ಕೆ ತಕ್ಕಂತೆ 21, 24 ಅಥವಾ 28ರ ದರ ಹಿಡಿದು ಮತ್ತೆ ಲೆಕ್ಕಮಾಡಬೇಕು. ಆ ಅವಧಿಯಲ್ಲಿ ನಿವೃತ್ತರಾಗಿ ಮೈಸೂರಿಗೋ ಧಾರವಾಡಕ್ಕೋ ಹೋಗಿ ನೆಲೆಸಿದ ನಿಮ್ಮ ಪರಿಚಿತರಿದ್ದರೆ, ತಮ್ಮ ಕಾಗದಪತ್ರಗಳಲ್ಲಿ ಈ ತಿದ್ದುಪಡಿ ಆಗಿದೆಯೇ ನೋಡಿಕೊಳ್ಳುವಂತೆ ಹೇಳಿ. ಆಗಿರದಿದ್ದರೆ ಕಡೆಯಲ್ಲಿ ಕೆಲಸ ಮಾಡಿದ ಆಫೀಸಿಗೆ ಒಂದು ಅರ್ಜಿ ಬರೆದು, ರಸೀದಿ ಸಹಿತ ಅಂಚೆಯಲ್ಲಿ ಕಳಿಸಲಿ, ಪಿ.ಪಿ.ಓ. ಸಂಖ್ಯೆ ಹಾಕಲು ಮರೆಯದಿರಲಿ.