ಹೂಗಣ್ಣು: ಸೋಂಕುರೋಗ, ದೃಷ್ಟಿ ಮತ್ತು ಜನಪದ ತಿಳಿವಳಿಕೆ

ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿ ಕಬ್ಬು, ಭತ್ತ ಬೆಳೆಯುವ ಸೀಮೆಗೆ ಸೇರಿದ ಊರು. ಈ ಭಾಗದ ಆಡುಮಾತು ಕಣ್ಣಿನ ತೊಂದರೆಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ಮುಪ್ಪಿನಲ್ಲಿ ಬರುವುದು ‘ಪೊರೆ’. ಸಂಜೆಯಾದೊಡನೆ ಕಾಣದಿರುವುದು ‘ಇರುಳುಗಣ್ಣು’. ಕೆಂಪಾಗಿ ಪಿಸುರು ಕಟ್ಟುವುದು ‘ಕಣ್ಣುಬೇನೆ’. ಕರಿಗುಡ್ಡೆಯ ಮೇಲೆ ಬಿಳಿಯ ಕಲೆ ನಿಂತರೆ ‘ಹೂಗಣ್ಣು’. ಈ ವಿಂಗಡಣೆ ವೈದ್ಯಶಾಸ್ತ್ರಕ್ಕೂ ಹೊಂದುತ್ತದೆ. ಪೊರೆಯೆಂದರೆ ಒಳಗಿನ ಮಸೂರ ಮಸುಕಾಗುವುದು. ಹೂವೆಂದರೆ ಹೊರಗಿನ ಪಾರದರ್ಶಕ ಪಟಲ ಹುಣ್ಣಾಗಿ ಮಾಯ್ದ ಗುರುತು.

ಹೂಗಣ್ಣಿಗೆ ಹಿಂದೆ ಮುಖ್ಯ ಕಾರಣಗಳಲ್ಲೊಂದು ಸಿಡುಬು. ಜನಪದರು ಅದನ್ನು ಮಾರಮ್ಮನ ಬರವೆಂದು ಭಾವಿಸಿ, ಬೇವಿನ ಸೊಪ್ಪು, ಮೊಸರನ್ನ, ತಂಬಿಟ್ಟಿನ ಆರತಿಯಿಂದ ತಂಪೆರೆದರು. ಕಣ್ಣು ಉಳಿದರೆ ಬೆಳ್ಳಿಯ ಕಣ್ಣು ಒಪ್ಪಿಸುವ ಹರಕೆ ಹೊತ್ತರು. ದೇವಿಗೆ ಕಣ್ಣನ್ನೇ ಅರ್ಪಿಸುವುದರ ಹಿಂದೆ ಆ ಕಾಲದ ಭಯವಿದೆ. ಮೈಸೂರು ಅರಮನೆಯೂ ಈ ಭಯಕ್ಕೆ ಹೊರತಾಗಿರಲಿಲ್ಲ. ಥಾಮಸ್ ಹಿಕಿ 1805ರಲ್ಲಿ ಬಿಡಿಸಿದ ರಾಜಮನೆತನದ ಸ್ತ್ರೀಯರ ಚಿತ್ರವು ಲಸಿಕೆಯ ಪ್ರಚಾರಕ್ಕಾಗಿ ರಚಿತವಾದುದೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವ್ಯಾಖ್ಯಾನಿಸಿದ್ದಾರೆ. 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತವೆಂದು ಘೋಷಿತವಾಯಿತು.

ಆದರೆ ‘ಅಮ್ಮ’ ಎಂಬ ಹೆಸರು ದಡಾರ, ಸೀತಾಳೆಸಿಡುಬುಗಳಿಗೆ ಉಳಿದುಕೊಂಡಿದೆ. ದಡಾರವು ದೇಹದ ‘ಎ’ ಜೀವಸತ್ವವನ್ನು ಕುಗ್ಗಿಸುತ್ತದೆ. ಆ ಕೊರತೆ ಮೊದಲು ಇರುಳುಗಣ್ಣಾಗಿ ತೋರಿ, ಬಳಿಕ ಪಟಲ ಒಣಗಿ ಕರಗುವವರೆಗೂ ಹೋಗಬಲ್ಲದು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ, ಮೊಟ್ಟೆ, ಮಾಂಸಗಳಿಗೆ ನಿಷೇಧವಿರುವುದುಂಟು. ರೋಗಿಯನ್ನು ಪ್ರತ್ಯೇಕವಾಗಿರಿಸುವ ಪದ್ಧತಿ ಸೋಂಕು ತಡೆಯಲು ಸಹಕಾರಿ. ಆಹಾರದ ನಿಷೇಧವಾದರೋ ಸೊರಗಿದ ಮಗುವಿನ ಕಣ್ಣಿಗೆ ಅಪಾಯಕಾರಿ. ಆದ್ದರಿಂದಲೇ ಒಂಬತ್ತು ತಿಂಗಳಿನ ಲಸಿಕೆಯೊಡನೆ ‘ಎ’ ಜೀವಸತ್ವದ ಮೊದಲ ಪ್ರಮಾಣವನ್ನೂ ನೀಡಲಾಗುತ್ತದೆ. ಕರ್ನಾಟಕದಲ್ಲಿ 2017ರಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ನಡೆಯಿತು. ಗರ್ಭಿಣಿಗೆ ತಗುಲಿದ ರುಬೆಲ್ಲಾ ಶಿಶುವಿಗೆ ಹುಟ್ಟಿನಿಂದಲೇ ಪೊರೆ ತರಬಲ್ಲದು.

ಕಣ್ಣುಬೇನೆಯವರನ್ನು ದಿಟ್ಟಿಸಿದರೆ ಅದು ತಗಲುತ್ತದೆಂಬ ನಂಬಿಕೆ ವ್ಯಾಪಕ. ವಾಸ್ತವವಾಗಿ ನೋಟದಿಂದಲ್ಲ, ಕೈ, ಟವೆಲ್ಲು, ದಿಂಬುಗಳಿಂದ ಹರಡುತ್ತದೆ. ಮುಖದ ಕೊಳೆ, ನೊಣಗಳಿಂದ ಹಬ್ಬಿ ರೆಪ್ಪೆಯೊಳಗೆ ಗಂಟು ಕಟ್ಟುವ ಟ್ರಕೋಮಾ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಭಾರತದಲ್ಲಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ದೃಢಪಡಿಸಿತು.

ಈ ಸೀಮೆಗೆ ಹೆಚ್ಚು ಹತ್ತಿರದ ಆತಂಕ ಬೇರೆಯದು. ಕಬ್ಬಿನ ಗರಿ ಕಣ್ಣಿಗೆ ಗೀರಿದಾಗ, ಭತ್ತದ ಹೊಟ್ಟು ಬಿದ್ದಾಗ, ಶಿಲೀಂಧ್ರ ಒಳಹೊಕ್ಕು ಪಟಲದಲ್ಲಿ ಹುಣ್ಣೇಳಬಹುದು. ನಂದಿಬಟ್ಟಲಿನ ರಸ, ಎದೆಹಾಲು ಹಾಕುವುದು ರೂಢಿಯ ಉಪಚಾರ. ಗಾಯಗೊಂಡ ಕಣ್ಣಿಗೆ ಇವು ಹೊಸ ಸೋಂಕನ್ನು ತರಬಲ್ಲವು, ಚಿಕಿತ್ಸೆಯನ್ನು ತಡಮಾಡಬಲ್ಲವು. ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿಗಳು ಶಿಲೀಂಧ್ರವನ್ನು ಇನ್ನಷ್ಟು ಬಲಗೊಳಿಸುತ್ತವೆ. ಶುದ್ಧ ನೀರಿನಿಂದ ತೊಳೆದು, ಉಜ್ಜದೆ, ನೋವು ಅಥವಾ ಕೆಂಪು ಉಳಿದರೆ ಅಂದೇ ನೇತ್ರವೈದ್ಯರನ್ನು ಕಾಣುವುದೇ ಸರಿಯಾದ ಕ್ರಮ.

ಜನಪದ ವೈದ್ಯವನ್ನು ಸಾರಾಸಗಟಾಗಿ ಒಪ್ಪುವುದಾಗಲಿ ತಳ್ಳುವುದಾಗಲಿ ಅಧ್ಯಯನವೆನಿಸದು. ಹೂಗಣ್ಣನ್ನು ಗುರುತಿಸಿದ ಭಾಷೆಯ ಸೂಕ್ಷ್ಮತೆ ಉಳಿಯಬೇಕು. ಹೂ ಬೀಳುವ ಮುನ್ನವೇ ಎಚ್ಚರಿಸಲು ಆ ಮಾತೇ ಆರೋಗ್ಯ ಕಾರ್ಯಕರ್ತರಿಗೆ ಒದಗಬೇಕು.