ನೆಟ್‌ವರ್ಕ್ ಡ್ರೈವ್‌ನಲ್ಲಿ ಕನ್ನಡ ತಂತ್ರಾಂಶ: ಅಕ್ಷರಗಳು ಕೆಟ್ಟು ಕಾಣುವುದೇಕೆ?

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಗಮನಕ್ಕೆ:

ಕಚೇರಿಯ ಒಂದು ಗಣಕಯಂತ್ರದಲ್ಲಿ ಸರಿಯಾಗಿ ಕಾಣುವ ಗ್ರಾಮ ಸಭೆಯ ನಡವಳಿಯು ಪಕ್ಕದ ಗಣಕಯಂತ್ರದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂದಲವಾಗಿ ಅಥವಾ ಖಾಲಿ ಚೌಕಗಳಾಗಿ ಕಾಣಬಹುದು. ಆಗ ಕಡತವೇ ಹಾಳಾಗಿದೆಯೆಂದು ಭಾವಿಸಿ ಅದನ್ನು ಅಳಿಸುವುದಾಗಲಿ, ಹೊಸದಾಗಿ ಬೆರಳಚ್ಚು ಮಾಡಿಸುವುದಾಗಲಿ ಸರಿಯಲ್ಲ. ಮರು ಬೆರಳಚ್ಚಿನಲ್ಲಿ ಒಬ್ಬ ಫಲಾನುಭವಿಯ ಹೆಸರು ಬಿಟ್ಟುಹೋದರೂ, ನಿರ್ಣಯದ ಒಂದು ಪದ ಬದಲಾದರೂ ಸಭೆಯ ತೀರ್ಮಾನಕ್ಕೇ ಧಕ್ಕೆಯಾಗುತ್ತದೆ. ಇಂತಹ ದೋಷವು ಸಾಮಾನ್ಯವಾಗಿ ಗಣಕಯಂತ್ರದ ಫಾಂಟ್ ವ್ಯವಸ್ಥೆಯಲ್ಲಿರುತ್ತದೆ, ದಾಖಲೆಯಲ್ಲಿ ಅಲ್ಲ.

ಕಾರಣಗಳು

ನುಡಿಯಂತಹ ತಂತ್ರಾಂಶವನ್ನು ಎಲ್ಲರಿಗೂ ಸಿಗಲೆಂದು ಹಂಚಿಕೆಯ ನೆಟ್‌ವರ್ಕ್ ಡ್ರೈವ್‌ಗೆ ಒಮ್ಮೆ ಮಾತ್ರ ಅಳವಡಿಸಿದಾಗ, ಅದರ ಕಡತಗಳು ಡ್ರೈವ್‌ನಲ್ಲಿ ಉಳಿಯುತ್ತವೆ. ಆದರೆ ಫಾಂಟ್‌ಗಳು ಅಳವಡಿಕೆ ನಡೆದ ಗಣಕಯಂತ್ರದ ವಿಂಡೋಸ್‌ನಲ್ಲಿ ಮಾತ್ರ ನೋಂದಣಿಯಾಗುತ್ತವೆ. ಉಳಿದ ಗಣಕಯಂತ್ರಗಳಲ್ಲಿ ತಂತ್ರಾಂಶ ತೆರೆದುಕೊಂಡರೂ ಫಾಂಟ್ ಇರುವುದಿಲ್ಲ.

ಯುನಿಕೋಡ್ ಅಲ್ಲದ ಹಳೆಯ ನುಡಿ ಬರಹದಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಕನ್ನಡಕ್ಕೆ ಬಳಸಲಾಗಿದೆ. ಆದ್ದರಿಂದ ಫಾಂಟ್ ಇಲ್ಲದೆಡೆ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳಿದ್ದು, ವಿಂಡೋಸ್‌ನ ತುಂಗಾ, ನಿರ್ಮಲಾ ಫಾಂಟ್‌ಗಳಲ್ಲಿಯೂ ಆ ಬರಹವನ್ನು ಓದಬಹುದು. ಖಾಲಿ ಚೌಕಗಳು ಕಂಡರೆ, ಬಳಕೆಯಲ್ಲಿರುವ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳಿಲ್ಲವೆಂದು ತಿಳಿಯತಕ್ಕದ್ದು.

ಪರಿಹಾರ ಕ್ರಮಗಳು

1. ಮೂಲ ಕಡತವನ್ನು ತಿದ್ದದೆ, ಮೊದಲು ಅದರ ಪ್ರತಿಯನ್ನು ಪ್ರತ್ಯೇಕವಾಗಿ ಇರಿಸುವುದು.

2. ಅದೇ ಕಡತವನ್ನು ಅಳವಡಿಕೆ ನಡೆದ ಗಣಕಯಂತ್ರದಲ್ಲಿ ತೆರೆದು ನೋಡುವುದು. ಅಲ್ಲಿ ಸರಿಯಾಗಿ ಕಂಡರೆ ದಾಖಲೆ ಸುರಕ್ಷಿತವಾಗಿದೆ.

3. ತಂತ್ರಾಂಶ ಮತ್ತು ಫಾಂಟ್‌ಗಳನ್ನು ಪ್ರತಿ ಗಣಕಯಂತ್ರದ ಸ್ವಂತ ಡಿಸ್ಕ್‌ನಲ್ಲಿ ಅಳವಡಿಸುವುದು. ನೆಟ್‌ವರ್ಕ್ ಡ್ರೈವ್ ದಾಖಲೆಗಳಿಗೆ ಮಾತ್ರ ಮೀಸಲಿರಲಿ.

4. ಅಳವಡಿಸುವಾಗ "ಡ್ರೈವ್ ಸಿಗುತ್ತಿಲ್ಲ" ಎಂಬ ಸೂಚನೆ ಬರುವುದುಂಟು. ಸಾಮಾನ್ಯ ಬಳಕೆದಾರರ ಹೆಸರಿನಲ್ಲಿ ಜೋಡಿಸಿದ ಡ್ರೈವ್, ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ನಡೆಯುವ ಅಳವಡಿಕೆಗೆ ಕಾಣದಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಅಳವಡಿಕೆಯ ಕಡತವನ್ನು ಸ್ವಂತ ಡಿಸ್ಕ್‌ಗೆ ನಕಲು ಮಾಡಿಕೊಂಡು ನಡೆಸುವುದು.

5. ಫಾಂಟ್ ಅಳವಡಿಸಿದ ನಂತರ ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯುವುದು.

6. ಹೊಸ ದಾಖಲೆಗಳನ್ನು ಯುನಿಕೋಡ್‌ನಲ್ಲಿಯೇ ಸಿದ್ಧಪಡಿಸುವುದು. ಹಳೆಯ ಬರಹವನ್ನು ಯುನಿಕೋಡ್‌ಗೆ ಪರಿವರ್ತಿಸಿದಲ್ಲಿ ಒತ್ತಕ್ಷರ, ಹೆಸರು ಮತ್ತು ಅಂಕಿಗಳನ್ನು ಮೂಲದೊಂದಿಗೆ ತಾಳೆ ನೋಡುವುದು.

ಸದಸ್ಯರಿಗೆ ಕಳುಹಿಸುವ ನಡವಳಿಯ ಪಿಡಿಎಫ್‌ನಲ್ಲಿ ಫಾಂಟ್ ಅಡಕವಾಗಿದ್ದರೆ ಅದು ಮೊಬೈಲ್‌ನಲ್ಲಿಯೂ ಸರಿಯಾಗಿ ಕಾಣುತ್ತದೆ. ಓದಲಾಗದ ಪ್ರತಿ ಬಂದಲ್ಲಿ, ಸದಸ್ಯರು ಅದನ್ನು ದೃಢೀಕರಿಸುವ ಮುನ್ನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಂದ ಓದಬಲ್ಲ ಪ್ರತಿಯನ್ನು ಪಡೆದುಕೊಳ್ಳುವಂತೆ ಕೋರಲಾಗಿದೆ.