ಚೆಂಡೆಯ ಪೆಟ್ಟು, ಕನ್ನಡಿಯ ಬಿಸಿಲು

ಹಾಲಾಡಿಯ ಬಯಲಲ್ಲಿ ಇವತ್ತು ರಾತ್ರಿ ಯಕ್ಷಗಾನದ ಆಟ ಇದೆ ಅಂದ್ಕೊಳ್ಳಿ. ಮೊಬೈಲಲ್ಲಿ ವಿಡಿಯೋ ಮಾಡ್ತೀರಿ. ಮನೆಗೆ ಬಂದು ಕಾಣಿ: ಚೆಂಡೆಯ ದನಿ ಒಡೆದಿದೆ, ಭಾಗವತರ ಪದ ಕೇಳೋದೇ ಇಲ್ಲ, ವೇಷದ ಮುಖದ ಮೇಲೆ ಪಟ್ಟೆ ಪಟ್ಟೆ ಓಡ್ತಾ ಇದೆ.

ಪಟ್ಟೆಗೆ ಕಾರಣ ಕರೆಂಟು. ನಮ್ಮಲ್ಲಿ ಅದು 50 ಹರ್ಟ್ಜ್. ಹಾಗಾಗಿ ಎಷ್ಟೋ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತೆ. ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಡಿ.

ಶಬ್ದಕ್ಕೆ ದೂರವೇ ಮೊದಲ ಪಾಠ. ಬಯಲಲ್ಲಿ ದೂರ ಎರಡು ಪಟ್ಟಾದರೆ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತೆ. ಮೈಕು ಭಾಗವತರ ಹತ್ತಿರ ಇರಲಿ, ಚೆಂಡೆಯಿಂದ ದೂರ. ಅತಿ ಜೋರಿನ ಪೆಟ್ಟಿಗೂ ದನಿಯ ಮೀಟರು ಕೆಂಪು ಮುಟ್ಟಬಾರದು. ಒಡೆದ ದನಿಯನ್ನು ಎಡಿಟಿಂಗ್‌ನಲ್ಲಿ ಪೂರ್ತಿ ಸರಿಮಾಡೋಕೆ ಆಗಲ್ಲ.

ಬೆಳಕು, ದನಿ ಹಿಡಿಯೋ ಈ ವಿದ್ಯೆಗೆ ನಮ್ಮ ರಾಜ್ಯದಲ್ಲಿ ಹಳೇ ಬೇರಿದೆ. ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ಅವರು ಛಾಯಾಗ್ರಾಹಕರಾಗಿದ್ದ 1959ರ ಹಿಂದಿ ಸಿನಿಮಾ ‘ಕಾಗಜ್ ಕೇ ಫೂಲ್’ಗೆ ಸ್ಟುಡಿಯೋದೊಳಗೆ ಒಂದು ಬೆಳಕಿನ ಕೋಲು ಬೇಕಿತ್ತು. ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನೇ ಒಳಗೆ ತಿರುಗಿಸಿದರು! ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತೆ.

ಈ ವಿದ್ಯೆ ಕಲಿಯೋ ಆಸೆ ಇದ್ದರೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಛಾಯಾಗ್ರಹಣಕ್ಕೂ ಧ್ವನಿಗ್ರಹಣಕ್ಕೂ ಡಿಪ್ಲೊಮಾ ಇದೆ.

ಅಲ್ಲಿಗೆ ಹೋಗೋ ಮುಂಚೆ ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಮನೆಯ ಕನ್ನಡಿ ಹಿಡಿದು ಅಂಗಳದ ಬಿಸಿಲನ್ನು ಚಾವಡಿಯ ಬಿಳಿ ಗೋಡೆಗೆ ತಿರುಗಿಸಿ. ಗೋಡೆಯಿಂದ ಬರುವ ಮೆತ್ತನೆ ಬೆಳಕಲ್ಲಿ ಅಮ್ಮಮ್ಮನನ್ನು ಕೂರಿಸಿ, ರೆಕಾರ್ಡ್ ಒತ್ತಿ.